ಘಟಕ ಇದೆ, ಇದ್ರೂ: ಐವರ ಇಂಗ್ಲಿಷ್ ಪ್ರೆಸೆಂಟೇಷನ್ ಒಂದರ ಪ್ರಕರಣ ಅಧ್ಯಯನ

ಇದು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ನಡೆದದ್ದು. ನಾನು ಅಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಐವರು ವಿದ್ಯಾರ್ಥಿಗಳ ಹೆಸರು, ವಿಭಾಗ, ಊರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ಕರೆಯೋಕೆ ಏನಾದರೂ ಬೇಕಲ್ಲ, ಅದಕ್ಕೆ ಅಡ್ಡಹೆಸರು ಇಟ್ಟಿದ್ದೇನೆ: ಲೀಡರ್, ಪಿಪಿಟಿ, ಕೋಟೆ, ಲೆಕ್ಕ, ಮೊಮ್ಮಗಳು. ಯಾಕೆ ಆ ಹೆಸರುಗಳು ಅನ್ನೋದು ಓದುತ್ತಾ ಗೊತ್ತಾಗುತ್ತದೆ.

ಇದರಲ್ಲಿ ಅರ್ಧ ತಪ್ಪುಗಳು ನನ್ನವು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಿನ್ನೆಲೆ

ಕೆಲಸ ಇಷ್ಟು. ಐದು ಜನರ ಗುಂಪು ತಮ್ಮ ಸುತ್ತಲಿನ ಒಂದು ಸಮಸ್ಯೆ ಹುಡುಕಬೇಕು, ಅದಕ್ಕೊಂದು ಪರಿಹಾರ ಹೇಳಬೇಕು. 12 ನಿಮಿಷ ಮಾತು, 5 ನಿಮಿಷ ಪ್ರಶ್ನೆ. ಪೂರ್ತಿ ಅಕಾಡೆಮಿಕ್ ಇಂಗ್ಲಿಷಿನಲ್ಲಿ. ಒಟ್ಟು 50 ಅಂಕ. 20 ಗುಂಪಿಗೆ, 30 ಒಬ್ಬೊಬ್ಬರಿಗೆ. ಒಳಗಿನ ಪರೀಕ್ಷಕಿ ನಾನು. ಹೊರಗಿನಿಂದ ಇನ್ನೊಬ್ಬರು ಬರುತ್ತಾರೆ.

ಅಕಾಡೆಮಿಕ್ ಇಂಗ್ಲಿಷ್ ಅಂದರೆ ಕಷ್ಟದ ಪದಗಳು ಅಂತ ಹುಡುಗರು ತಿಳಿದಿರುತ್ತಾರೆ. ಹಾಗೇನಿಲ್ಲ. ಎಷ್ಟು ಗೊತ್ತೋ ಅಷ್ಟೇ ಹೇಳಬೇಕು, ಹೇಳಿದ್ದಕ್ಕೆ ಆಧಾರ ಕೊಡಬೇಕು, ಮಾತು ಈಗ ಎಲ್ಲಿಗೆ ಬಂತು ಅನ್ನೋದು ಕೇಳುವವರಿಗೆ ಗೊತ್ತಾಗುತ್ತಿರಬೇಕು. ಸಮಸ್ಯೆ-ಪರಿಹಾರದ ಮಾತಿಗೆ ಒಂದು ಚೌಕಟ್ಟೂ ಇದೆ. ಯೂಜೀನ್ ವಿಂಟರ್, ಮೈಕೆಲ್ ಹೋಯಿ ಎಂಬ ಭಾಷಾ ವಿದ್ವಾಂಸರು ಅದನ್ನು ಬಿಡಿಸಿ ತೋರಿಸಿದ್ದಾರೆ: ಪರಿಸ್ಥಿತಿ, ಸಮಸ್ಯೆ, ಪರಿಹಾರ, ಆ ಪರಿಹಾರ ನಿಲ್ಲುತ್ತದಾ ಅನ್ನೋ ಪರಿಶೀಲನೆ. ನಮ್ಮ ಹುಡುಗರು ನಾಲ್ಕನೆಯದನ್ನು ಯಾವಾಗಲೂ ನುಂಗಿಬಿಡುತ್ತಾರೆ. ಪರಿಹಾರ ಹೇಳಿದ ಕೂಡಲೇ ‘ಥ್ಯಾಂಕ್ ಯೂ’ ಸ್ಲೈಡ್ ಬಂದಿರುತ್ತದೆ.

ಈ ಗುಂಪಿನಲ್ಲಿ ಲೀಡರ್ ಮಾತ್ರ ಚಿಕ್ಕಂದಿನಿಂದ ಇಂಗ್ಲಿಷ್ ಮೀಡಿಯಂ. ಸರಾಗವಾಗಿ ಮಾತಾಡುತ್ತಾಳೆ. ಉಳಿದ ನಾಲ್ವರು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು.

ನನ್ನದೊಂದು ನಿಯಮ ಇತ್ತು. ತರಗತಿಯಲ್ಲಿ, ಗುಂಪಿನ ಚರ್ಚೆಯಲ್ಲಿ, ರಿಹರ್ಸಲ್ಲಿನಲ್ಲಿ ಬರೀ ಇಂಗ್ಲಿಷ್. ಕನ್ನಡ ಬಂದರೆ ಒಂದು ರೂಪಾಯಿ ದಂಡ, ಮೇಜಿನ ಮೇಲಿನ ಡಬ್ಬಿಗೆ. ಡಬ್ಬಿ ತುಂಬಿದರೆ ಎಲ್ಲರಿಗೂ ಮಂಡಕ್ಕಿ-ಮಿರ್ಚಿ. ನನಗೆ ಈ ನಿಯಮದ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮೊದಲ ಎರಡು ರಿಹರ್ಸಲ್

ಅವರು ಆರಿಸಿಕೊಂಡ ವಿಷಯ: ‘ವಾಟರ್ ಪ್ರಾಬ್ಲಂ ಇನ್ ಚಿತ್ರದುರ್ಗ ಡಿಸ್ಟ್ರಿಕ್ಟ್’. ಮೊದಲ ರಿಹರ್ಸಲ್ 19 ನಿಮಿಷ ಹಿಡಿಯಿತು. 22 ಸ್ಲೈಡ್. ಬರದ ಬಗ್ಗೆ ಮಾತಾಡುವಾಗ ಹಿಂದೆ ಹಸಿರು ಕಾಡು, ಅದರಲ್ಲೊಂದು ಜಲಪಾತ. ಯಾಕಪ್ಪಾ ಅಂದರೆ, “ಟೆಂಪ್ಲೇಟ್ ಚೆನ್ನಾಗಿತ್ತು ಮೇಡಂ” ಅಂದ ಸ್ಲೈಡ್ ಮಾಡಿದ್ದ ಪಿಪಿಟಿ. ಡಬ್ಬಿಗೆ ಒಂದು ರೂಪಾಯಿ ಹಾಕಿ.

ಕೋಟೆ ಅನ್ನುವ ಹುಡುಗನ ಮನೆ ಕೋಟೆ ಬುಡದಲ್ಲೇ. ಏಳುಸುತ್ತಿನ ಕೋಟೆಯ ಹೊಂಡಗಳ ಬಗ್ಗೆ ಅವನು ನಾಲ್ಕೂವರೆ ನಿಮಿಷ ಮಾತಾಡಿದ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡ. ಬಂಡೆಗಳ ಮೇಲೆ ಬಿದ್ದ ಮಳೆ ನೀರು ಮೇಲಿನ ಹೊಂಡದಿಂದ ಕೆಳಗಿನದಕ್ಕೆ ಹೇಗೆ ಇಳಿಯುತ್ತಿತ್ತು ಅಂತ ಕೈಯಾಡಿಸಿ ತೋರಿಸಿದ. ಚೆನ್ನಾಗಿತ್ತು. ಆದರೆ ಸಮಸ್ಯೆ ಏನು ಅನ್ನೋದು ಅಲ್ಲಿಯವರೆಗೂ ಯಾರಿಗೂ ಗೊತ್ತಾಗಿರಲಿಲ್ಲ.

ಆಮೇಲೆ ಲೀಡರ್ ಬಂದು ವಾಣಿವಿಲಾಸ ಸಾಗರ (ಜನ ಮಾರಿಕಣಿವೆ ಅಂತಾರೆ) ಹೇಳಿದಳು. ವೇದಾವತಿಗೆ ಅಡ್ಡ ಕಟ್ಟಿದ ಆ ಜಲಾಶಯ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಆಮೇಲೆ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ, ಆಮೇಲೆ ಬತ್ತಿದ ಬೋರುಗಳು, ಆಮೇಲೆ ಬೋರ್ ನೀರಿನಲ್ಲಿರುವ ಫ್ಲೋರೈಡ್ (ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವಂಥದ್ದು). ಪರಿಹಾರಕ್ಕೆ ಉಳಿದದ್ದು 40 ಸೆಕೆಂಡ್. ಅದರಲ್ಲೂ ಮುಖ್ಯ ವಾಕ್ಯ ‘ಗೌರ್ಮೆಂಟ್ ಶುಡ್ ಟೇಕ್ ನೆಸೆಸರಿ ಆಕ್ಷನ್’. ಈ ವಾಕ್ಯ ಕೇಳದೆ ನನ್ನ ಒಂದು ಸೆಮಿಸ್ಟರೂ ಮುಗಿದಿಲ್ಲ.

ಐದು ಸಲ ‘ಮೈಸೆಲ್ಫ್’ ಅಂತ ಪರಿಚಯ ಆಯಿತು. ನಾಲ್ಕು ಸಲ ‘ನೌ ಮೈ ಫ್ರೆಂಡ್ ವಿಲ್ ಕಂಟಿನ್ಯೂ’ ಆಯಿತು. ಲೆಕ್ಕ ಅನ್ನುವವನ ಭಾಗದಲ್ಲಿ ‘ಅಫೋರ್‌ಮೆನ್ಷನ್ಡ್’ ಅನ್ನುವ ಪದ ಮೂರು ಸಲ ಬಂತು. ಅರ್ಥ ಏನು ಅಂದೆ. “ಇಂಪಾರ್ಟೆಂಟ್ ಅಂತ ಇರ್ಬೇಕು ಮೇಡಂ” ಅಂದ. (ನಿಜವಾದ ಅರ್ಥ ‘ಮೇಲೆ ಹೇಳಿದ’.) ಮೊಮ್ಮಗಳಿಗೆ ಸಿಕ್ಕಿದ್ದು ಕೊನೆಯ ಸ್ಲೈಡ್. ಅವಳ ಪೂರ್ತಿ ಪಾತ್ರ ‘ಥ್ಯಾಂಕ್ ಯೂ ಫಾರ್ ಯುವರ್ ಕೈಂಡ್ ಅಟೆನ್ಷನ್’.

ನಾನು ಏನು ಮಾಡಿದೆ? ಇಂಗ್ಲಿಷ್ ಮೇಷ್ಟ್ರು ಮಾಡುವುದನ್ನೇ ಮಾಡಿದೆ. ಸ್ಕ್ರಿಪ್ಟ್ ಎಣಿಸಿದರೆ ಸುಮಾರು 2,300 ಪದ ಇತ್ತು. ಕೇಳುವವರಿಗೆ ಅರ್ಥವಾಗುವ ಹಾಗೆ ನಿಮಿಷಕ್ಕೆ 110 ಪದ ಅಂದುಕೊಂಡರೆ 12 ನಿಮಿಷಕ್ಕೆ 1,300 ಸಾಕು. ಸಾವಿರ ಪದ ತೆಗೆಯಿರಿ ಅಂದೆ. ‘ಡಿಸ್ಕಸ್ ಅಬೌಟ್’ ಅನ್ನಬೇಡಿ, ‘ಡಿಸ್ಕಸ್’ ಸಾಕು ಅಂದೆ. ಕನ್ನಡದ ನಾಲಿಗೆಗೆ ಪದದ ಮೊದಲು ಬರುವ ‘ಎ’ ಎಷ್ಟೋ ಸಲ ‘ಯೆ’ ಆಗುತ್ತದೆ, ‘ಒ’ ಬಂದರೆ ‘ವೊ’ ಆಗುತ್ತದೆ. ‘ಯೆವಿಡೆನ್ಸ್’, ‘ವೊನ್ಲಿ’ ತಿದ್ದುತ್ತಾ ಮೂರು ದಿನ ಕಳೆದೆ.

ಎರಡನೇ ರಿಹರ್ಸಲ್ 14 ನಿಮಿಷಕ್ಕೆ ಇಳಿಯಿತು. ವ್ಯಾಕರಣ ಚೊಕ್ಕ. ಉಚ್ಚಾರಣೆ ಪರವಾಗಿಲ್ಲ. ಮುಗಿದ ಮೇಲೆ ಬೇರೆ ಗುಂಪಿನ ಒಬ್ಬ ಹುಡುಗ ಎದ್ದು ಕೇಳಿದ: ಮಾರಿಕಣಿವೆ ಕೋಡಿ ಬಿದ್ದಿದೆ ಅಂತೀರಿ, ಹಾಗಾದರೆ ವಾಟರ್ ಪ್ರಾಬ್ಲಂ ಎಲ್ಲಿದೆ? ಐವರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನೂ ನೋಡಿದೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಅಲ್ಲಿಯವರೆಗೆ ಅವರು ಏನು ಹೇಳುತ್ತಿದ್ದಾರೆ ಅನ್ನೋದನ್ನು ನಾನು ಕೇಳಿಯೇ ಇರಲಿಲ್ಲ, ಹೇಗೆ ಹೇಳುತ್ತಿದ್ದಾರೆ ಅಂತ ಮಾತ್ರ ಕೇಳುತ್ತಿದ್ದೆ.

ಆ ರಾತ್ರಿ ಲೀಡರ್ ವಿಷಯ ಕಿರಿದು ಮಾಡಿ ಕಳಿಸಿದಳು. ಬರೀ ಫ್ಲೋರೈಡ್. ಸಮಸ್ಯೆ: ಹಳ್ಳಿಗಳಲ್ಲಿ ಆರ್‌ಓ (ನೀರು ಶುದ್ಧ ಮಾಡುವ) ಘಟಕಗಳ ಕೊರತೆ. ಪರಿಹಾರ: ಆರ್‌ಓ ಘಟಕ ಹಾಕುವುದು. ಓದಿ ಸರಿ ಇದೆ ಅನ್ನಿಸಿತು. ಒಂದು ದಿನ ಹಾಗೇ ಅನ್ನಿಸಿತ್ತು ಕೂಡ. ಇದು ತುಂಬಾ ಸಾಮಾನ್ಯವಾದ ಬಲೆ. ಪರಿಹಾರವನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡು, ಅದು ಇಲ್ಲ ಅನ್ನೋದನ್ನೇ ಸಮಸ್ಯೆ ಅಂತ ಬರೆದುಬಿಡುವುದು. ಹೊಟ್ಟೆನೋವಿಗೆ ಕಾರಣ ಮಾತ್ರೆ ಇಲ್ಲದಿರುವುದು ಅಂದ ಹಾಗೆ.

ಮಂಡಕ್ಕಿ ತಿಂದ ದಿನ

ಡಬ್ಬಿ ತುಂಬಿತ್ತು. ಕಾಲೇಜಿನ ಹಿಂದಿನ ಅಂಗಡಿಯಿಂದ ಮಂಡಕ್ಕಿ, ಮಿರ್ಚಿ ತರಿಸಿದೆವು. ತಿನ್ನುವಾಗ ಇಂಗ್ಲಿಷ್ ನಿಯಮ ಇಲ್ಲ. ಯಾರು ಎಷ್ಟು ದಂಡ ಕಟ್ಟಿದ್ದಾರೆ ಅಂತ ಲೆಕ್ಕ ಒಂದು ಪಟ್ಟಿ ಇಟ್ಟಿದ್ದ (ಅವನ ಅಡ್ಡಹೆಸರು ಅಲ್ಲಿಂದ ಬಂದದ್ದು). ಪಟ್ಟಿಯಲ್ಲಿ ಮೊಮ್ಮಗಳ ಹೆಸರಿನ ಮುಂದೆ ಸೊನ್ನೆ. ಹಿಂದಿನ ವಾರ ನಾನೇ ಅವಳನ್ನು ತರಗತಿಯಲ್ಲಿ ಹೊಗಳಿದ್ದೆ, ನೋಡಿ ಇವಳು ಒಂದು ರೂಪಾಯಿಯನ್ನೂ ಕಟ್ಟಿಲ್ಲ ಅಂತ.

ಅವಳು ಕಟ್ಟಿರಲಿಲ್ಲ. ಯಾಕಂದರೆ ಬಾಯೇ ಬಿಟ್ಟಿರಲಿಲ್ಲ.

ಲೀಡರ್ ಮಿರ್ಚಿ ಮುರಿಯುತ್ತಾ ಆರ್‌ಓ ಸ್ಲೈಡಿನ ಬಗ್ಗೆ ಹೇಳುತ್ತಿದ್ದಳು. ಮೊಮ್ಮಗಳು ಸುಮ್ನೆ ಅನ್ನುವ ಹಾಗೆ ಅಂದಳು, “ನಮ್ಮೂರಲ್ಲಿ ಘಟಕ ಐತಲ್ಲೇ.”

“ಐತಾ? ಮತ್ತೆ ಎಲ್ಲಾ ಅದನ್ನೇ ಕುಡೀತಾರಾ?”

“ಕುಡಿಯಾಕೆ ಅದೇ. ಐದು ರೂಪಾಯಿ ಕಾಯಿನ್ ಹಾಕಿದ್ರೆ ಒಂದು ಕ್ಯಾನ್. ಆದ್ರೆ ನಮ್ಮಜ್ಜಿ ಸಾರಿಗೆ, ಮುದ್ದೆಗೆ, ಟೀಗೆ ಬೋರ್ ನೀರೇ ಹಾಕದು. ಎಲ್ರ ಮನೇಲೂ ಅಷ್ಟೇ.”

“ಯಾಕೆ?”

“ಅಷ್ಟು ದೂರದಿಂದ ಹೊತ್ಕಂಡು ಬಂದಿರ ನೀರ್ನ ಸಾರಿಗೆ ಸುರೀಲೇನೆ ಅಂತಾಳೆ.”

ಯಾರೂ ಮಾತಾಡಲಿಲ್ಲ. ಪಿಪಿಟಿ ಮಾತ್ರ, “ಕುದಿಸಿದ್ರೆ ಹೋಗಲ್ವಾ ಅದು?” ಅಂದ. ಹೋಗುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಉಳಿಯುತ್ತದೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಅಂದರೆ ಕ್ಯಾನಿನ ನೀರು ಕುಡಿಯುವ ಮನೆಯವರೇ ಸಾರಿನಲ್ಲಿ, ಟೀಯಲ್ಲಿ ಬೋರಿನ ಫ್ಲೋರೈಡನ್ನು ದಿನಾ ತೆಗೆದುಕೊಳ್ಳುತ್ತಿದ್ದಾರೆ.

ಗುಂಪು ಹತ್ತು ದಿನದಿಂದ ಹುಡುಕುತ್ತಿದ್ದ ಸಮಸ್ಯೆ ಇದೇ. ಅದನ್ನು ಬಲ್ಲವಳು ಅದೇ ಬೆಂಚಿನಲ್ಲಿ ಕೂತಿದ್ದಳು, ಥ್ಯಾಂಕ್ ಯೂ ಸ್ಲೈಡ್ ಹಿಡಿದುಕೊಂಡು. ಅವಳ ಬಾಯಿಗೆ ಬೀಗ ಹಾಕಿದ್ದು ನನ್ನ ಡಬ್ಬಿ. ಇಂಗ್ಲಿಷಿನಲ್ಲಿ ಮಾತಾಡುವುದು ಬೇರೆ, ಇಂಗ್ಲಿಷಿನಲ್ಲಿ ಯೋಚಿಸಿ ಅನ್ನೋದು ಬೇರೆ ಅಂತ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಜ್ಜಿ, ಬಿಂದಿಗೆ, ಸಾರು ಎಲ್ಲ ಅವಳ ತಲೆಯಲ್ಲಿ ಕನ್ನಡದಲ್ಲಿ ಇದ್ದವು. ಅವು ಹೊರಗೆ ಬರುವುದಕ್ಕೆ ದಂಡ ಹಾಕಿದ್ದೆ.

ಅವತ್ತೇ ನಿಯಮ ಬದಲಿಸಿದೆ. ಚರ್ಚೆ ಯಾವ ಭಾಷೆಯಲ್ಲಾದರೂ ಆಗಲಿ. ವೇದಿಕೆಗೆ ಹೋಗುವ ವಾಕ್ಯ ಮಾತ್ರ ಇಂಗ್ಲಿಷ್.

ಒಂದು ವಾಕ್ಯಕ್ಕೆ ಒಂದು ಗಂಟೆ

ಭಾನುವಾರ ಐವರೂ ಅವಳ ಊರಿಗೆ ಹೋದರು. 20 ಮನೆ ಕೇಳಿದರು. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಬರೆದುಕೊಂಡು ಬಂದರು. ಅಡುಗೆಗೂ ಫಿಲ್ಟರ್ ನೀರು ಬಳಸುವ ಮನೆಗಳು ಬೆರಳೆಣಿಕೆ. ಬೋರಿನಿಂದ ಒಂದು ಬಾಟಲಿ ನೀರನ್ನೂ ತಂದರು. ಕೆಮಿಸ್ಟ್ರಿ ಲ್ಯಾಬಿನಲ್ಲಿ ನೋಡಿದಾಗ ಲೀಟರಿಗೆ 1.5 ಮಿಲಿಗ್ರಾಂಗಿಂತ ಮೇಲೆಯೇ ಬಂತು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ 1 ಮಿಲಿಗ್ರಾಂ ಒಪ್ಪುವ ಮಟ್ಟ. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಬಿಡುತ್ತಾರೆ.

ಸೋಮವಾರ ಸಂಜೆ ಸಮಸ್ಯೆಯನ್ನು ಒಂದೇ ಇಂಗ್ಲಿಷ್ ವಾಕ್ಯದಲ್ಲಿ ಬರೆಯೋಕೆ ಕೂತೆವು. ಒಂದು ಗಂಟೆ ಹಿಡಿಯಿತು. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಹೆಚ್ಚು ಕೆಲಸ ಆದದ್ದು ಆ ಗಂಟೆಯಲ್ಲೇ.

ಮೊದಲು ಕನ್ನಡದಲ್ಲಿ ಹೇಳಿ ಅಂದೆ. ಮೊಮ್ಮಗಳು, “ಊರಲ್ಲಿ ಘಟಕ ಇದ್ರೂ ಅಡುಗೆಗೆ ಬೋರ್ ನೀರೇ ಬಳಸ್ತಾರೆ” ಅಂದಳು. ಬೋರ್ಡಿನ ಮೇಲೆ ಬರೆದು ‘ಇದ್ರೂ’ಗೆ ಸುತ್ತು ಹಾಕಿದೆ. ಸಮಸ್ಯೆ ಇರುವುದು ಆ ಪದದಲ್ಲಿ. ‘ಘಟಕ ಇಲ್ಲ’ ಅಂದರೆ ಘಟಕ ಹಾಕಿಸಿದರೆ ಕಥೆ ಮುಗಿಯಿತು. ‘ಇದ್ರೂ’ ಅಂದಾಗ ಮಾತ್ರ ಕೇಳುವವನಿಗೆ ‘ಮತ್ಯಾಕೆ?’ ಅನ್ನಿಸುತ್ತದೆ. ಆ ‘ಮತ್ಯಾಕೆ’ ಹುಟ್ಟಿಸಿದರೆ 12 ನಿಮಿಷ ಅವರು ನಿಮ್ಮ ಮಾತು ಕೇಳುತ್ತಾರೆ.

ಇಂಗ್ಲಿಷಿನಲ್ಲಿ ‘ಇದ್ರೂ’ ಅಂದರೆ ‘ಆಲ್ದೋ’. ಲೆಕ್ಕ ಬರೆದ: ‘ಆಲ್ದೋ ದೇರ್ ಈಸ್ ಎ ಫಿಲ್ಟರ್ ಯೂನಿಟ್, ಬಟ್ ದಿ ವಿಲೇಜರ್ಸ್ ಆರ್ ಕುಕಿಂಗ್ ವಿತ್ ಬೋರ್‌ವೆಲ್ ವಾಟರ್’. ‘ಆಲ್ದೋ’ ಇದ್ದಮೇಲೆ ‘ಬಟ್’ ಬೇಡ. ನಮ್ಮಲ್ಲಿ ‘ಇದ್ರೂ’ ಅಂದ ಮೇಲೆ ಮತ್ತೆ ‘ಆದರೆ’ ಅನ್ನುತ್ತೇವಾ? ಇಲ್ಲ ಅಲ್ವಾ. ಹೀಗೆ ಹೇಳಿದ ಮೇಲೆ ಆ ತಪ್ಪನ್ನು ಅವರು ಮತ್ತೆ ಮಾಡಲಿಲ್ಲ. ವರ್ಷಗಟ್ಟಲೆ ನಾನು ಅದನ್ನು ಬರೀ ನಿಯಮ ಅಂತ ಹೇಳಿ ಸೋತಿದ್ದೆ.

ಆಮೇಲೆ ‘ದಿ ವಿಲೇಜರ್ಸ್’. ಊರಿನ ಎಲ್ಲರನ್ನೂ ಕೇಳಿದ್ದೀರಾ? ಇಲ್ಲ, 20 ಮನೆ. ಹಾಗಾದರೆ ಅಷ್ಟೇ ಹೇಳಿ. ಕೊನೆಗೆ ನಿಂತ ವಾಕ್ಯ ಇದು: ‘ಆಲ್ದೋ ದಿ ವಿಲೇಜ್ ಹ್ಯಾಸ್ ಎ ಫಿಲ್ಟರ್ ಯೂನಿಟ್, ಮೋಸ್ಟ್ ಆಫ್ ದಿ ಟ್ವೆಂಟಿ ಹೌಸ್‌ಹೋಲ್ಡ್ಸ್ ವಿ ವಿಸಿಟೆಡ್ ಸ್ಟಿಲ್ ಕುಕ್ ವಿತ್ ಬೋರ್‌ವೆಲ್ ವಾಟರ್’. ಒಂದೂ ಕಷ್ಟದ ಪದ ಇಲ್ಲ. ಇದು ಅಕಾಡೆಮಿಕ್ ಇಂಗ್ಲಿಷಾ ಅಂತ ಲೀಡರಿಗೆ ಅನುಮಾನ. ಹೌದು, ಇದೇ.

ಅವಳ ಮುಂದಿನ ವಾಕ್ಯದಲ್ಲಿ ‘ದಿಸ್ ಪ್ರೂವ್ಸ್’ ಇತ್ತು. 20 ಮನೆ ಕೇಳಿ, ಒಂದು ಬಾಟಲಿ ನೀರು ತಂದವರು ಏನನ್ನೂ ‘ಪ್ರೂವ್’ ಮಾಡೋಕಾಗುವುದಿಲ್ಲ. ‘ಸಜೆಸ್ಟ್ಸ್’ ಅಂತ ಬದಲಿಸಿದೆವು. ಕನ್ನಡದಲ್ಲಿ ಇದು ನಮಗೆ ನೀರು ಕುಡಿದಷ್ಟು ಸಲೀಸು. ‘ಇರಬಹುದು’, ‘ಅನ್ಸುತ್ತೆ’, ‘ಇದ್ದಂಗೈತೆ’ ಅಂತ ದಿನಕ್ಕೆ ನೂರು ಸಲ ಹೇಳುತ್ತೇವೆ. ಇಂಗ್ಲಿಷಿಗೆ ಬಂದ ಕೂಡಲೇ ಎಲ್ಲರೂ ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ಆಗಿಬಿಡುತ್ತಾರೆ. ‘ಮೇ’, ‘ಮೈಟ್’, ‘ಟೆಂಡ್ಸ್ ಟು’ ಎಲ್ಲ ನಮ್ಮ ‘ಇದ್ದಂಗೈತೆ’ ಜಾತಿಯವೇ ಅಂತ ಹೇಳಿದೆ. ಕೋಟೆ ತನ್ನ ಪುಸ್ತಕದಲ್ಲಿ ‘ಸಜೆಸ್ಟ್ಸ್ = ಇದ್ದಂಗೈತೆ’ ಅಂತ ಬರೆದುಕೊಂಡ.

ಪರಿಹಾರ, ಮತ್ತು ಬಿಟ್ಟ ಪರಿಹಾರಗಳು

ಇದನ್ನು ಬೇಗ ಹೇಳುತ್ತೇನೆ. ಮೂರು ದಾರಿ ಇಟ್ಟುಕೊಂಡರು. ಒಂದು, ಫಿಲ್ಟರ್ ನೀರನ್ನೇ ಅಡುಗೆಗೂ ಬಳಸಿ ಅಂತ ತಿಳಿಹೇಳುವುದು. ಅಜ್ಜಿಯ ಮಾತು ಕೇಳಿದ ಮೇಲೆ ಅದು ಆಗದ ಕೆಲಸ ಅಂತ ಅವರೇ ಬಿಟ್ಟರು. ತಿಳಿವಳಿಕೆ ಕಡಿಮೆ ಇದೆ ಅಂತಲ್ಲ, ಕ್ಯಾನ್ ಭಾರ ಇದೆ ಅಂತ. ಎರಡು, ನಲ್ಗೊಂಡ ವಿಧಾನ. ನಾಗಪುರದ ‘ನೀರಿ’ (ಎನ್‌ಇಇಆರ್‌ಐ) ಅನ್ನುವ ಪರಿಸರ ಸಂಶೋಧನಾ ಸಂಸ್ಥೆ ರೂಪಿಸಿದ್ದು, ನೀರಿಗೆ ಆಲಂ (ಪಟಿಕ) ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕೆ ಇಳಿಸುವುದು. ದಿನಾ ಅಳತೆ ಹಾಕಬೇಕು, ತಳದ ಕೆಸರು ಎಲ್ಲಿ ಚೆಲ್ಲಬೇಕು ಅನ್ನೋದೂ ಯೋಚಿಸಬೇಕು. ಮೂರು, ಮಾಳಿಗೆ ಮೇಲಿನ ಮಳೆ ನೀರು. ಇಲ್ಲಿ ಫ್ಲೋರೈಡ್ ಬರುವುದು ನೆಲದೊಳಗಿನ ಕಲ್ಲಿನಿಂದ. ಮಳೆ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಮೂರನೆಯದನ್ನು ಹಿಡಿದರು. ಆಗ ಕೋಟೆಯ ನಾಲ್ಕೂವರೆ ನಿಮಿಷಕ್ಕೂ ಒಂದು ಜಾಗ ಸಿಕ್ಕಿತು. ಹೊಂಡಗಳ ಮಾತನ್ನು ಪೂರ್ತಿ ತೆಗೆಯಿರಿ ಅಂತ ನಾನು ಹೇಳಿದ್ದೆ, ಅವನಿಗೆ ಬೇಜಾರಾಗಿತ್ತು. ಈಗ ಅದು ಎರಡು ವಾಕ್ಯವಾಗಿ ಪರಿಹಾರದ ಭಾಗಕ್ಕೆ ಬಂತು: ಈ ಊರು ಮಳೆ ನೀರು ಹಿಡಿದಿಟ್ಟು ಬದುಕಿದ ಊರು, ಕೋಟೆ ಹತ್ತಿದರೆ ಕಾಣುತ್ತದೆ.

ಲೆಕ್ಕವನ್ನು ಲೆಕ್ಕನಿಗೇ ಬಿಟ್ಟೆವು. ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 40 ಚದರ ಮೀಟರ್ ಮಾಳಿಗೆ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಅಂದುಕೊಂಡರೆ 20,000 ಲೀಟರ್. ಐದನೇ ಒಂದು ಭಾಗ ಪೋಲಾದರೂ 16,000. ಐದು ಜನರ ಮನೆಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ ವರ್ಷಕ್ಕೆ 9,125. ನೀರೇನೋ ಸಾಕು. ಆದರೆ ಮಳೆ ಇಲ್ಲದ ಆರು ತಿಂಗಳಿಗೆ 4,500 ಲೀಟರ್ ಕೂಡಿಡಬೇಕು. ಅಷ್ಟು ದೊಡ್ಡ ತೊಟ್ಟಿ ಕಟ್ಟಿಸುವವರು ಯಾರು? ಅದೇ ಇದರ ದೌರ್ಬಲ್ಯ. ಅದನ್ನು ಮುಚ್ಚಿಡಬೇಡಿ, ನೀವೇ ಹೇಳಿ ಅಂದೆ. ಪರಿಶೀಲನೆಯ ಭಾಗ ಇರುವುದೇ ಅದಕ್ಕೆ.

ಘಟಕದಿಂದ ಚರಂಡಿಗೆ ಹೋಗುವ ವೇಸ್ಟ್ ನೀರಿನ ಬಗ್ಗೆಯೂ ಹೇಳೋಣ ಅಂತ ಪಿಪಿಟಿ ಹಟ ಹಿಡಿದ. ಒಳ್ಳೆಯ ವಿಷಯವೇ. ಆದರೆ ಅದು ಎರಡನೇ ಸಮಸ್ಯೆ. ಒಂದು ಸಂಜೆ ಜಗಳವಾಡಿ ಬಿಟ್ಟರು.

ಭಾಗಗಳನ್ನು ಮತ್ತೆ ಹಂಚಿದೆವು. ಮೊದಲು ಸ್ಲೈಡ್ ಎಣಿಸಿ ಹಂಚಿದ್ದರು, ಈಗ ಯಾರಿಗೆ ಏನು ಗೊತ್ತು ಅಂತ ನೋಡಿ ಹಂಚಿದರು. ಪಿಪಿಟಿಗೆ ಪರಿಸ್ಥಿತಿ, ಮೊಮ್ಮಗಳಿಗೆ ಸಮಸ್ಯೆ, ಕೋಟೆಗೆ ಪರಿಹಾರ, ಲೆಕ್ಕನಿಗೆ ಅಂಕಿ, ಲೀಡರಿಗೆ ಪರಿಶೀಲನೆ. 22 ಸ್ಲೈಡ್ 7 ಆಯಿತು, ಜಲಪಾತ ಹೋಯಿತು. ‘ಮೈ ಫ್ರೆಂಡ್ ವಿಲ್ ಕಂಟಿನ್ಯೂ’ ಬದಲು ಪ್ರತಿಯೊಬ್ಬರೂ ಒಂದು ಪ್ರಶ್ನೆ ಕೇಳಿ ಕೂರಬೇಕು, ಮುಂದಿನವರು ಅದಕ್ಕೆ ಉತ್ತರ ಹೇಳುತ್ತಾ ಏಳಬೇಕು. ಮೊಮ್ಮಗಳ ಕೊನೆಯ ವಾಕ್ಯ, ‘ಸೋ ವೇರ್ ಕೆನ್ ಎ ಫ್ಯಾಮಿಲಿ ಗೆಟ್ ಸೇಫ್ ವಾಟರ್ ವಿತೌಟ್ ಕ್ಯಾರಿಯಿಂಗ್ ಇಟ್?’ ಕೋಟೆಯ ಮೊದಲ ವಾಕ್ಯ, ‘ಫ್ರಂ ದಿ ರೂಫ್’. ಇದರ ಲಾಭ ನಾನು ಎಣಿಸಿರಲಿಲ್ಲ. ಮುಂದಿನವರು ಹಿಂದಿನವರ ಮಾತನ್ನು ಕೇಳಲೇಬೇಕಾಯಿತು.

ಮೂರನೇ ರಿಹರ್ಸಲ್ 11 ನಿಮಿಷ 40 ಸೆಕೆಂಡ್.

ಆ ದಿನ

ಮಾತು ಚೆನ್ನಾಗಿಯೇ ನಡೆಯಿತು. ಮೊಮ್ಮಗಳು ನಿಧಾನವಾಗಿ, ಎರಡು ಕಡೆ ತಡವರಿಸಿ ಹೇಳಿದಳು. ಅಜ್ಜಿಯ ಮಾತನ್ನು ಮೊದಲು ಕನ್ನಡದಲ್ಲೇ ಹೇಳಿ ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಸಭೆ ನಕ್ಕಿತು, ಆಮೇಲೆ ಸುಮ್ಮನಾಯಿತು. ಲೆಕ್ಕ ಬೋರ್ಡಿನ ಮೇಲೆ 4,500ರ ಬದಲು 45,000 ಬರೆದ. ತಾನೇ ನೋಡಿಕೊಂಡು, ‘ಸಾರಿ, ಲೆಟ್ ಮಿ ಕರೆಕ್ಟ್ ದಟ್’ ಅಂತ ಒಂದು ಸೊನ್ನೆ ಅಳಿಸಿದ.

ಎಡವಿದ್ದು ಪ್ರಶ್ನೆಯಲ್ಲಿ. ಸಮಸ್ಯೆಯ ಭಾಗದಲ್ಲಿ ಒಂದು ಫೋಟೋ ಇತ್ತು. ಊರಿನ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನ ಹಲ್ಲು, ಹಳದಿ-ಕಂದು ಗೆರೆಗಳು. ಅವನ ಒಪ್ಪಿಗೆ ಕೇಳಿದ್ದರು, ಮುಖ ಕತ್ತರಿಸಿದ್ದರು. ಹೊರಗಿನ ಪರೀಕ್ಷಕರು ಅದೇ ಸ್ಲೈಡಿಗೆ ವಾಪಸ್ ಹೋಗಿ ಅಂದರು. ಈ ಗೆರೆಗಳು ಈಗಿನ ಅಡುಗೆ ನೀರಿನಿಂದ ಬಂದವು ಅಂತ ನಿಮಗೆ ಹೇಗೆ ಗೊತ್ತು?

ಪ್ರಶ್ನೆ ಸರಿಯಾಗಿಯೇ ಇತ್ತು. ಹಲ್ಲಿನ ಮೇಲೆ ಫ್ಲೋರೈಡಿನ ಗೆರೆ ಮೂಡುವುದು ಹಲ್ಲು ಇನ್ನೂ ಒಸಡಿನೊಳಗೆ ಬೆಳೆಯುತ್ತಿರುವಾಗ, ಸುಮಾರು 8 ವರ್ಷದೊಳಗೆ. ಘಟಕ ಬರುವ ಹೊತ್ತಿಗೆ ಆ ಹುಡುಗನ ಹಲ್ಲು ಬಂದು ಆಗಿತ್ತು. ಆ ಫೋಟೋ ಹಿಂದಿನ ಕಥೆ ಹೇಳುತ್ತದೆ, ಈಗಿನದಲ್ಲ. ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ, ನನಗೂ.

ಮೊಮ್ಮಗಳು ನಿಂತಳು. ಏಳೆಂಟು ಸೆಕೆಂಡ್ ಏನೂ ಹೇಳಲಿಲ್ಲ. ವೇದಿಕೆ ಮೇಲೆ ಅದು ಬಹಳ ಉದ್ದ. ಆಮೇಲೆ, ‘ವಿ ಕೆನಾಟ್ ಸೇ ದಟ್ ಫ್ರಂ ಅವರ್ ಡೇಟಾ’ ಅಂದಳು. ಅಷ್ಟೇ.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಲೀಡರಿಗೆ ಆ ಮೌನ ತಡೆಯಲಿಲ್ಲ. ಎದ್ದು ಬಂದು ಮೈಕ್ ತೆಗೆದುಕೊಂಡು, ‘ಡೆಫಿನಿಟ್ಲಿ’ ಅಂತ ಶುರು ಮಾಡಿದಳು. ಒಂದು ನಿಮಿಷ ಸರಾಗವಾದ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಅಡುಗೆ ನೀರೇ ಕಾರಣ ಅಂತ ವಾದಿಸಿದಳು. ಪರೀಕ್ಷಕರು, ನಿಮ್ಮ ಗೆಳತಿ ಆಗಲೇ ಉತ್ತರ ಕೊಟ್ಟರಲ್ಲ ಅಂದರು. ಅವಳು ಕೂತಳು. ಅವಳನ್ನು ಬೈಯೋಕೆ ನನಗೆ ಮನಸ್ಸು ಬರಲಿಲ್ಲ. ಹದಿನೈದು ವರ್ಷ ನಮ್ಮಂಥವರೇ ಅವಳಿಗೆ ಹೇಳಿಕೊಟ್ಟಿದ್ದೇವೆ, ಇಂಗ್ಲಿಷಿನಲ್ಲಿ ನಿಲ್ಲಿಸದೆ ಮಾತಾಡಿದರೆ ಗೆದ್ದ ಹಾಗೆ ಅಂತ.

ಅಂಕಗಳು, ಮತ್ತು ಆಮೇಲೆ

ನನ್ನ ಅಂಕಪಟ್ಟಿ ಹೀಗಿತ್ತು: ತಡವರಿಸದ ಮಾತಿಗೆ 10, ಉಚ್ಚಾರಣೆಗೆ 5, ವ್ಯಾಕರಣಕ್ಕೆ 5, ಸ್ಲೈಡಿಗೆ 5, ವಿಷಯಕ್ಕೆ 5. ಅದನ್ನು ಪ್ರಾಮಾಣಿಕವಾಗಿ ತುಂಬಿದೆ. 30ಕ್ಕೆ ಲೀಡರಿಗೆ 26, ಮೊಮ್ಮಗಳಿಗೆ 19 ಬಂತು. ಹೊರಗಿನವರು ಆ ಪಟ್ಟಿಯನ್ನು ಅಷ್ಟಾಗಿ ನೋಡದೆ ಲೀಡರಿಗೆ 20, ಮೊಮ್ಮಗಳಿಗೆ 24 ಕೊಟ್ಟಿದ್ದರು. ಎರಡು ಹಾಳೆ ಪಕ್ಕಪಕ್ಕ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ನಿಯಮದ ಪ್ರಕಾರ ಸರಾಸರಿ. ಲೀಡರ್ 23, ಮೊಮ್ಮಗಳು 21.5. ಗುಂಪಿಗೆ 15.

ಅಂದರೆ ಕೊನೆಗೂ ಲೀಡರಿಗೇ ಜಾಸ್ತಿ ಬಂತು. ಆದರೂ ಬೇಜಾರಾದದ್ದು ಅವಳಿಗೇ. ಸ್ವಲ್ಪ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಒಂದು ದಿನ ಸ್ಟಾಫ್ ರೂಮಿಗೆ ಬಂದು, “ಉತ್ತರ ಗೊತ್ತಿಲ್ದಿದ್ರೆ ಏನ್ ಮಾಡ್ಬೇಕು ಮೇಡಂ, ಅದಕ್ಕೂ ಒಂದು ಸೆಂಟೆನ್ಸ್ ಇದ್ಯಾ?” ಅಂದಳು. ಇದೆ ಅಂದೆ. ನಾಲ್ಕೈದು ಬರೆದುಕೊಟ್ಟೆ. ‘ದಟ್ ಈಸ್ ಔಟ್‌ಸೈಡ್ ವಾಟ್ ವಿ ಲುಕ್ಡ್ ಅಟ್’ ಅಂಥವು. ಅವನ್ನು ರಿಹರ್ಸಲ್ಲಿಗೆ ಮುಂಚೆಯೇ ಕಲಿಸಬೇಕಿತ್ತು. ನಾವು ಮೂರು ರಿಹರ್ಸಲ್ಲಿನಲ್ಲಿ ಒಮ್ಮೆಯೂ ಪ್ರಶ್ನೆಯ ಐದು ನಿಮಿಷ ಅಭ್ಯಾಸ ಮಾಡಿರಲಿಲ್ಲ.

ಈಗ ಪಟ್ಟಿ ಬದಲಾಗಿದೆ. ವಿಷಯ ಮತ್ತು ಆಧಾರಕ್ಕೆ 12, ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ 8, ಅರ್ಥವಾಗುವ ಮಾತಿಗೆ 10. ಎರಡನೇ ರಿಹರ್ಸಲ್ಲಿಗೆ ಬೇರೆ ವಿಭಾಗದ ಒಬ್ಬ ಮೇಷ್ಟ್ರನ್ನು ಕರೆಯುತ್ತೇನೆ. ಅವರು ಇಂಗ್ಲಿಷ್ ತಿದ್ದಬಾರದು, ಪ್ರಶ್ನೆ ಮಾತ್ರ ಕೇಳಬೇಕು. ಡಬ್ಬಿ ಇನ್ನೂ ಇದೆ. ಈಗ ಅದರಲ್ಲಿ ಸೀಮೆಸುಣ್ಣ ಇಡುತ್ತೇನೆ.

ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. ಚರ್ಚೆ ಕನ್ನಡದಲ್ಲಿ ಆಗಲಿ ಅಂದ ಮೇಲೆ ಕೆಲವು ಗುಂಪುಗಳು ಕೊನೆಯ ವಾರದವರೆಗೂ ಇಂಗ್ಲಿಷ್ ಕಡೆ ತಿರುಗಿಯೂ ನೋಡುವುದಿಲ್ಲ. ಯಾವ ದಿನ ಭಾಷೆ ಬದಲಿಸಬೇಕು ಅನ್ನೋದನ್ನು ಪ್ರತಿ ಗುಂಪಿಗೂ ಬೇರೆ ಬೇರೆ ನೋಡಿ ಹೇಳಬೇಕಾಗಿದೆ. ಒಂದೆರಡು ಸಲ ತಡವೂ ಆಗಿದೆ.

ಈ ವರ್ಷದ ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ ‘ಇದ್ರೂ’ ಅಂತ ಒಂದೇ ಪದ ಬರೆದು, ನಿಮ್ಮ ನಿಮ್ಮ ಊರಿನ ಒಂದು ‘ಇದ್ರೂ’ ಹೇಳಿ ಅಂದೆ. ಸ್ವಲ್ಪ ಹೊತ್ತು ಗುಸುಗುಸು. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. “ನಮ್ಮೂರಲ್ಲಿ ಬಸ್ ಸ್ಟ್ಯಾಂಡ್ ಐತೆ ಮೇಡಂ. ಇದ್ರೂ ಬಸ್ಸು ರೋಡಲ್ಲೇ ನಿಲ್ಲುತ್ತೆ.”

ಯಾಕೆ ಅಂದೆ.

“ಗೊತ್ತಿಲ್ಲ ಮೇಡಂ. ಕೇಳ್ಕಂಡು ಬರ್ತೀನಿ.”